ಮೇಲಿನ ಡಬ್ಬಿಯ ಮೊಕದ್ದಮೆ

ಕೋಲಾರ
8-2-1944

ಶ್ರೀಮತ್ ಸಕಲಸದ್ಗುಣಸಂಪನ್ನರೂ, ಒಲೆ ಒರಳು ಬೀಸುಕಲ್ಲುಗಳ ಮೇಲೆ ಏಕಚ್ಛತ್ರಾಧಿಪತ್ಯ ನಡೆಸುವವರೂ, ಚಕ್ಕುಲಿ ಕೋಡುಬಳೆ ನಿಪ್ಪಟ್ಟುಗಳ ಬಲದಿಂದ ಎಂಟು ದಿಕ್ಕುಗಳನ್ನೂ ಗೆದ್ದವರೂ, ಶ್ರೀನಿವಾಸಪುರದ ಶಾನುಭೋಗರ ಮನೆಯ ಅಡುಗೆಕೋಣೆಯೆಂಬ ಸಿಂಹಾಸನದಲ್ಲಿ ವಿರಾಜಮಾನರೂ ಆದ ಮಾತೃಶ್ರೀ ತಿರುಮಲಮ್ಮನವರ ಪಾದಾರವಿಂದಗಳಿಗೆ, ಹೈಸ್ಕೂಲಿನ ಕೊನೆಯ ತರಗತಿಯ ಕೊನೆಯ ಬೆಂಚಿನ ನಿವಾಸಿ ಪ್ರಹ್ಲಾದನ ಸಾಷ್ಟಾಂಗ ಪ್ರಣಾಮಗಳು.

ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳ್ಳತನ ನಡೆದಿದೆ.

ಕಳ್ಳತನದ ಕಥೆಗೆ ಮುನ್ನ ಅದು ನಡೆದ ಕ್ಷೇತ್ರದ ಸ್ಥಳಪುರಾಣವನ್ನು ಹೇಳುವುದು ಶಾಸ್ತ್ರ. ಕೋಲಾರದ ರೈಲ್ವೆ ಸ್ಟೇಷನ್ನಿಗೆ ಮೊದಲ ರೈಲು ಬಂದ ದಿನ ಇಂಜಿನ್ನಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರಂತೆ. ಇಂಜಿನ್ನು ಉಸ್ಸೆಂದು ಹಬೆ ಬಿಟ್ಟ ಕೂಡಲೇ ಮಂಗಳಾರತಿ ಹಿಡಿದವರು ತಟ್ಟೆ ಬಿಸಾಕಿ ಹುಣಸೆಮರ ಹತ್ತಿದರಂತೆ. ಇದು ತಾತ ಹೇಳುತ್ತಿದ್ದ ಕಥೆ. ಮರ ಹತ್ತಿದವರಲ್ಲಿ ತಾತನೂ ಇದ್ದರೆಂದು ನನಗೆ ಬಲವಾದ ಅನುಮಾನ. ಈಗ ಅಲ್ಲಿ ಬೆತ್ತ ಹರಿದ ಆರಾಮಕುರ್ಚಿಯಿರುವ ವೇಟಿಂಗ್ ರೂಮು ಇದೆ, ನೀರಿನ ಹಂಡೆಗಳಿವೆ, ಗಂಟೆಯ ಬದಲು ತೂಗುಹಾಕಿದ ಕಂಬಿಯ ತುಂಡಿದೆ, ಸಾಮಾನು ತೂಗುವ ಯಂತ್ರವಿದೆ. ಬೌರಿಂಗ್‌ಪೇಟೆಯಲ್ಲಿ ದೊಡ್ಡ ರೈಲಿನಿಂದ ಇಳಿದ ಮಹನೀಯರು ನಮ್ಮ ಸಣ್ಣ ರೈಲನ್ನು ಕಂಡು ನಗುತ್ತಾರೆ. ನಗಲಿ. ಯಾರದೋ ತಾಯಿ ಸೆರಗು ಸಿಕ್ಕಿಸಿಕೊಂಡು ಓಡಿಬರುತ್ತಿದ್ದಾಳೆಂದು ಮದರಾಸು ಮೇಲ್ ರೈಲು ಎಂದಾದರೂ ನಿಂತದ್ದುಂಟೆ? ನಮ್ಮದು ನಿಲ್ಲುತ್ತದೆ.

ಓಡಿಬರುವ ಆ ತಾಯಂದಿರ ಕೈಯಲ್ಲಿರುವುದೇ ಈ ಮೊಕದ್ದಮೆಯ ಮೂಲ. ಬೆಳಗಿನ ರೈಲಿಗೆ ಶ್ರೀನಿವಾಸಪುರದಲ್ಲಿ ನೀವೆಲ್ಲ ಊಟದ ಕ್ಯಾರಿಯರ್‌ಗಳನ್ನು ಪ್ಲಾಟ್‌ಫಾರಂ ಮೇಲೆ ಸಾಲಾಗಿ ಇಡುತ್ತೀರಿ. ಗಾರ್ಡ್ ಕೋದಂಡರಾಮಪ್ಪನವರು ಅವನ್ನು ತಾವು ಕೂರುವ ಬ್ರೇಕ್‌ವ್ಯಾನಿನಲ್ಲಿ ತಂದು, ಇಲ್ಲಿ ಓದುವ ಹುಡುಗರ ಕೈಗೆ ಒಪ್ಪಿಸುತ್ತಾರೆ. ಸಂಜೆಯ ರೈಲಿಗೆ ಖಾಲಿ ಕ್ಯಾರಿಯರ್ ಹಿಂದಕ್ಕೆ. ಇದಕ್ಕೆ ಟಿಕೆಟಿಲ್ಲ, ರಸೀತಿಯಿಲ್ಲ, ಯಾವ ರೈಲ್ವೆ ಪುಸ್ತಕದಲ್ಲೂ ಇದರ ಹೆಸರಿಲ್ಲ. ನಂಬಿಕೆಯೊಂದೇ ಆಧಾರ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಹೊಲ ಎಲ್ಲಿ ಸಿಕ್ಕೀತು?

ನಮ್ಮ ಕ್ಯಾರಿಯರ್ ನಾಲ್ಕು ಡಬ್ಬಿಯದು. ಕೆಳಗೆ ಅನ್ನ, ಅದರ ಮೇಲೆ ಹುಳಿ, ಅದರ ಮೇಲೆ ಪಲ್ಯ, ಎಲ್ಲಕ್ಕೂ ಮೇಲೆ ಕಿರೀಟದಂತೆ ಕುರುಕಲು ತಿಂಡಿ. ಸಂಕ್ರಾಂತಿ ಕಳೆದಾಗಿನಿಂದ ಆ ಮೇಲಿನ ಡಬ್ಬಿ ಖಾಲಿ ಬರುತ್ತಿದೆ. ಒಂದು ಚೂರಿಲ್ಲ, ಎಣ್ಣೆಯ ಜಿಡ್ಡಿಲ್ಲ, ಒರೆಸಿಟ್ಟಷ್ಟು ಶುಭ್ರ. ಅಂದರೆ ಕಳ್ಳ ತಿಂದ ಮೇಲೆ ಡಬ್ಬಿ ತೊಳೆದಿಡುವಷ್ಟು ಮಡಿವಂತ. ಇಂಥವನು ಅಪಾಯಕಾರಿ.

ಆದ್ದರಿಂದ ತಾವು ಮೇಲಿನ ಡಬ್ಬಿಯಲ್ಲಿ ಏನೇನು ಇಟ್ಟಿದ್ದಿರಿ ಎಂಬುದನ್ನು ಕೂಡಲೇ ಬರೆದು ತಿಳಿಸತಕ್ಕದ್ದು. ಅಪ್ಪನಿಗೆ ನನ್ನ ನಮಸ್ಕಾರ. ಅವರಿಗೆ ಈಗಲೇ ಹೇಳಬೇಡ, ಅವರು ಪಂಚನಾಮೆ ಬರೆಯಲು ಕೂರುತ್ತಾರೆ.

ಇಂತಿ ತಮ್ಮ ಪಾದಸೇವಕನೂ ಪತ್ತೇದಾರನೂ ಆದ
ಪ್ರಹ್ಲಾದ

* * *

ಶ್ರೀನಿವಾಸಪುರ
10-2-1944

ಚಿ. ಪ್ರಹ್ಲಾದನಿಗೆ ನಿನ್ನ ತಾಯಿ ತಿರುಮಲಮ್ಮ ಮಾಡುವ ಆಶೀರ್ವಾದ. ಇಲ್ಲಿ ನಾವು ಕ್ಷೇಮ.

ನಿನ್ನ ಕಾಗದ ಬಂತು. ಪರೀಕ್ಷೆ ಹತ್ತಿರ ಬಂದಿರುವಾಗ ಇಷ್ಟುದ್ದ ಬರೆಯಲು ನಿನಗೆ ಹೊತ್ತು ಎಲ್ಲಿಂದ ಬಂತೋ. ಡಬ್ಬಿಯಲ್ಲಿ ಎಂದಿನ ಹಾಗೆ ಇಟ್ಟಿದ್ದೆ. ಒಂದು ದಿನ ಚಕ್ಕುಲಿ, ಒಂದು ದಿನ ನಿಪ್ಪಟ್ಟು, ಹೀಗೆ. ಯಾರೋ ಹಸಿದವರು ತಿಂದಿದ್ದರೆ ತಿನ್ನಲಿ, ಬಿಡು. ಮಿಕ್ಕ ಮೂರು ಡಬ್ಬಿ ತುಂಬಿ ಬರುತ್ತವಲ್ಲ. ಅದನ್ನು ಹೊಟ್ಟೆ ತುಂಬ ಉಂಡು ಓದಿಕೋ. ಗಾರ್ಡ್ ಹತ್ತಿರ ಏನೂ ಕೇಳಬೇಡ.

ಅಪ್ಪನಿಗೆ ಸರ್ಕಾರಕ್ಕೆ ಅಳೆಯುವ ಲೆವಿ ಭತ್ತದ ಲೆಕ್ಕ ಬರೆಯುವುದೇ ಆಗಿದೆ. ಊರೂರು ತಿರುಗಿ ಸೊರಗಿದ್ದಾರೆ. ಅವರಿಗೆ ಈ ಕಾಗದ ತೋರಿಸಲಿಲ್ಲ.

ನಿನ್ನ ತಾಯಿ
ತಿರುಮಲಮ್ಮ

* * *

ಕೋಲಾರ
12-2-1944

ಕರುಣಾಸಾಗರರೂ, ಕಳ್ಳರಿಗೂ ಅನ್ನವಿಕ್ಕುವ ಉದಾರಚರಿತರೂ ಆದ ಮಾತೃಶ್ರೀಯವರಿಗೆ ನಮಸ್ಕಾರಗಳು.

ತಮ್ಮ ಹೇಳಿಕೆ ದಾಖಲಾಯಿತು. ಚಕ್ಕುಲಿ, ನಿಪ್ಪಟ್ಟು. ಇನ್ನು ಅನುಮಾನಕ್ಕೆ ಎಡೆಯಿಲ್ಲ. ಶ್ರೀನಿವಾಸಪುರದಲ್ಲಿ ತುಂಬಿದ್ದು ಕೋಲಾರದಲ್ಲಿ ಬರಿದು. ನಡುವೆ ಇರುವುದು ಬ್ರೇಕ್‌ವ್ಯಾನ್, ಬ್ರೇಕ್‌ವ್ಯಾನಿನಲ್ಲಿ ಇರುವುದು ಒಬ್ಬರೇ.

ಆದರೂ ನ್ಯಾಯವೆಂದರೆ ನ್ಯಾಯ, ಎಲ್ಲರನ್ನೂ ಶಂಕಿಸಬೇಕು. ಮೊದಲು ನಮ್ಮ ವಠಾರದ ಪಕ್ಕದ ಕೋಣೆಯ ಕದಿರೇಶನನ್ನು ಶಂಕಿಸಿದೆ. ಇವನು ನರಸಾಪುರದವನು, ನನ್ನ ತರಗತಿಯವನು, ದಿನಾ ನನ್ನೊಡನೆ ಸ್ಟೇಷನ್ನಿಗೆ ಬರುತ್ತಾನೆ. ಆದರೆ ಕ್ಯಾರಿಯರ್ ನನ್ನ ಕೈಯಿಂದ ಅವನ ಕೈಗೆ ಹೋಗುವುದೇ ಇಲ್ಲ. ಬಿಟ್ಟೆ. ಆಮೇಲೆ ಸ್ಟೇಷನ್ ಮಾಸ್ತರರನ್ನು ಶಂಕಿಸಿದೆ. ಹೋದ ವರ್ಷ ನಾನು ತೂಗುವ ಯಂತ್ರಕ್ಕೆ ವಿಭೂತಿ ಬಳಿದು ಹೂ ಮುಡಿಸಿದ್ದೆ. ಮುಳಬಾಗಿಲಿನ ಕಡೆಯ ಒಬ್ಬ ಮುದುಕಿ ಅದಕ್ಕೆ ಮೂರು ಸುತ್ತು ಬಂದು ಕಾಸು ಹಾಕಿದಳು. ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಅಂದಿನಿಂದ ಮಾಸ್ತರರು ನನ್ನನ್ನು ಕಂಡರೆ ಉರಿದುಬೀಳುತ್ತಾರೆ. ಆದರೆ ಅವರ ಬಾಯಲ್ಲಿ ಹಲ್ಲಿಲ್ಲ. ಚಕ್ಕುಲಿ ಕದ್ದು ಏನು ಮಾಡಿಯಾರು?

ಉಳಿದವರು ಕೋದಂಡರಾಮಪ್ಪನವರು. ನಿನ್ನೆ ಕ್ಯಾರಿಯರ್ ತೆಗೆದುಕೊಳ್ಳುವಾಗ ನಯವಾಗಿ ಕೇಳಿದೆ, ದಾರಿಯಲ್ಲಿ ಡಬ್ಬಿಗಳು ತಾವಾಗಿ ತೆರೆದುಕೊಳ್ಳುವುದುಂಟೆ ಎಂದು. ಅವರು ಹಸಿರು ಬಾವುಟ ಸುತ್ತುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು.

“ಏಮಪ್ಪಾ, ನಿಮ್ಮಮ್ಮನ ಸಾರಿನ ರುಚಿ ನೋಡೋಕೆ ಅಂತ ನಾನು ಈ ಕೋಟು ಹಾಕ್ಕೊಂಡಿದೀನಾ?”

ಗಮನಿಸಬೇಕು. ನಾನು ಸಾರಿನ ಮಾತೇ ಎತ್ತಿರಲಿಲ್ಲ. ಅಲ್ಲದೆ ಅವರ ಮೀಸೆಯಲ್ಲಿ ಕಂದು ಬಣ್ಣದ ಪುಡಿಯಿತ್ತು. ನಶ್ಯವೂ ಇರಬಹುದು, ನಿಪ್ಪಟ್ಟೂ ಇರಬಹುದು. ಕದಿರೇಶ ನಶ್ಯವೆನ್ನುತ್ತಾನೆ. ಅವನಿಗೆ ಎಲ್ಲರ ಮೇಲೂ ಒಳ್ಳೆಯ ಅಭಿಪ್ರಾಯ, ಪತ್ತೇದಾರಿಕೆಗೆ ಯೋಗ್ಯನಲ್ಲ.

ಈಗ ಒಂದು ಬಲೆ. ಬರುವ ಗುರುವಾರ ಗುಂಟೂರು ಮೆಣಸಿನಕಾಯಿಯನ್ನು ಧಾರಾಳವಾಗಿ ಅರೆದು ಹಾಕಿ ನಿಪ್ಪಟ್ಟು ತಟ್ಟಿ ಮೇಲಿನ ಡಬ್ಬಿಯಲ್ಲಿಡು. ರೈಲು ಕೋಲಾರಕ್ಕೆ ಬಂದಾಗ ಯಾರ ಬಾಯಿ ಉರಿಯುತ್ತಿರುತ್ತದೋ ಅವರೇ ಕಳ್ಳರು. ಮಿಕ್ಕದ್ದು ನನಗೆ ಬಿಡು.

ಧರ್ಮರಕ್ಷಕ
ಪ್ರಹ್ಲಾದ

* * *

ಶ್ರೀನಿವಾಸಪುರ
17-2-1944

ಚಿ. ಪ್ರಹ್ಲಾದನಿಗೆ ಆಶೀರ್ವಾದ.

ನೀನು ಹೇಳಿದ ಹಾಗೆ ಇವತ್ತು ಬೆಳಗ್ಗೆ ಖಾರದ ನಿಪ್ಪಟ್ಟು ಇಟ್ಟೆ. ಆಯಿತಲ್ಲ, ಇನ್ನು ಈ ಮಾತು ಇಲ್ಲಿಗೆ ಸಾಕು. ಆ ಗಾರ್ಡ್ ಒಳ್ಳೆಯ ಮನುಷ್ಯ. ಹೋದ ವಾರ ನಾನು ತಡವಾಗಿ ಹೋದಾಗ ಸೀಟಿ ಊದದೆ ಕಾದರು. ಪಕ್ಕದ ಮನೆ ಶ್ಯಾಮಲಮ್ಮ ಅದಕ್ಕೂ ಏನೋ ಅಂದಳು. ಅವಳು ಎಲ್ಲದಕ್ಕೂ ಏನಾದರೂ ಅನ್ನುತ್ತಾಳೆ.

ನೀನು ಯಾರನ್ನೂ ಏನೂ ಕೇಳಬೇಡ. ನನ್ನ ಮೇಲೆ ಆಣೆ.

ನಿನ್ನ ತಾಯಿ
ತಿರುಮಲಮ್ಮ

* * *

ಕೋಲಾರ
19-2-1944

ಜಯಜಯ. ಬಲೆಗೆ ತಿಮಿಂಗಿಲ ಬಿದ್ದಿದೆ.

ಗುರುವಾರ ರೈಲು ನಿಂತಿತು. ನಾನು ಕಂಬದ ಮರೆಯಲ್ಲಿ, ಕದಿರೇಶ ಹುಣಸೆಹಣ್ಣಿನ ಬುಟ್ಟಿಗಳ ಹಿಂದೆ. ಕೋದಂಡರಾಮಪ್ಪನವರು ಬ್ರೇಕ್‌ವ್ಯಾನಿನಿಂದ ಇಳಿದರು. ಕ್ಯಾರಿಯರ್‌ಗಳನ್ನು ಮುಟ್ಟಲಿಲ್ಲ, ಮಾಸ್ತರರ ಕಡೆ ಹೋಗಲಿಲ್ಲ, ನೆಟ್ಟಗೆ ನೀರಿನ ಹಂಡೆಯ ಕಡೆ ನಡೆದರು. ಒಂದು ಲೋಟ ಗಟಗಟ. ಇನ್ನೊಂದು ಲೋಟ ಗಟಗಟ. ಆಮೇಲೆ ಅಂಗವಸ್ತ್ರದಿಂದ ಬಾಯಿ ಒರೆಸಿಕೊಂಡು ಹಾ ಎಂದರು. ಬಾಯೆಲ್ಲ ಕೆಂಪು. ಎಲೆಅಡಿಕೆಯ ಕೆಂಪು ಎಂದು ಕದಿರೇಶನ ವಾದ. ನಾನು ಕ್ಯಾರಿಯರ್ ತೆರೆದೆ. ಮೇಲಿನ ಡಬ್ಬಿ ಖಾಲಿ.

ಇನ್ನೇನು ಸಾಕ್ಷಿ ಬೇಕು? ನಿನ್ನೆ ಕೂತು ರೈಲ್ವೆಯ ಮೇಲಧಿಕಾರಿಗಳಿಗೆ ಒಂದು ಅರ್ಜಿ ಬರೆದೆ. ಎರಡು ಸಾಲು ಕೇಳು: ‘ಘನಸರ್ಕಾರದ ಬಾವುಟ ಹಿಡಿಯುವ ಕೈಯೇ ಬಡ ವಿದ್ಯಾರ್ಥಿಗಳ ಡಬ್ಬಿಗೆ ಇಳಿಯುವುದಾದರೆ, ಕಂಬಿಯ ಮೇಲೆ ನಡೆಯುವುದು ರೈಲೋ ಅಧರ್ಮವೋ ಎಂದು ಈ ಸೀಮೆಯ ಪ್ರಜೆಗಳು ಕೇಳುತ್ತಿದ್ದಾರೆ.’ ಪ್ರಜೆಗಳೆಂದರೆ ನಾನು. ಕದಿರೇಶನಿಗೂ ರುಜು ಹಾಕೆಂದೆ. “ಲೇ, ಇದು ತಮಾಷೆ ಅಲ್ಲ ಕಣೋ, ಹರಿದಾಕು” ಅಂದ. ಹರಿಯಲು ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು. ಟಪಾಲಿಗೆ ಹಾಕಿಬಿಟ್ಟೆ.

ನಿನ್ನ ಆಣೆ ಮುರಿದಿಲ್ಲ. ನಾನು ಯಾರನ್ನೂ ಏನೂ ಕೇಳಲಿಲ್ಲ. ಬರೆದೆ, ಅಷ್ಟೆ.

ಅಧರ್ಮಸಂಹಾರಿ
ಪ್ರಹ್ಲಾದ

* * *

ಕೋಲಾರ
11-3-1944

ಅಮ್ಮನಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ.

ಕ್ಯಾರಿಯರ್‌ಗಳನ್ನು ರೈಲಿನಲ್ಲಿ ತರಬಾರದೆಂದು ಹುಕುಂ ಆಗಿರುವುದು ನಿನಗೆ ಅಲ್ಲೇ ತಿಳಿದಿರುತ್ತದೆ. ಇಲ್ಲಿ ಹುಡುಗರೆಲ್ಲ ಹೋಟಲಿನ ಸಾಲದ ಊಟದಲ್ಲಿದ್ದಾರೆ. ಅರ್ಜಿ ಯಾರದೆಂದು ಅವರಿಗೆ ಗೊತ್ತು, ನನ್ನೊಡನೆ ಮಾತಿಲ್ಲ. ನನ್ನ ಊಟ ಹೇಗೋ ನಡೆಯುತ್ತಿದೆ, ಅದರ ಚಿಂತೆ ಬೇಡ. ಕೋದಂಡರಾಮಪ್ಪನವರನ್ನು ರೈಲಿನಿಂದ ಇಳಿಸಿದ್ದಾರೆ. ಬುಧವಾರ ವಿಚಾರಣೆ. ಪ್ರಯಾಣದ ಸಾಮಾನಿಗೆ ಕೈ ಹಾಕಿದ್ದು ನಿಜವೆಂದಾದರೆ ಕೆಲಸ ಹೋಗುತ್ತದೆ, ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸೂ ಬಿಡಬೇಕು.

ಮೊನ್ನೆ ಅವರ ಹೆಂಡತಿ ಭಾರತಮ್ಮ ನಮ್ಮ ವಠಾರಕ್ಕೆ ಬಂದಿದ್ದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಬೈಯಲೇ ಇಲ್ಲ, ಹೊಸಿಲ ಮೇಲೆ ಕೂತು ನೀರು ಕೇಳಿದರು. ರೈಲಿನ ಕೂಗು ಕೇಳಿದರೆ ಅವರ ಯಜಮಾನರು ಈಗಲೂ ಎದ್ದು ಟೋಪಿ ಹಾಕಿಕೊಳ್ಳುತ್ತಾರಂತೆ. ಆಮೇಲೆ ನೆನಪಾಗಿ ಟೋಪಿ ತೆಗೆದು ಮೊಳೆಗೆ ತಗುಲಿಸುತ್ತಾರಂತೆ. ಇದನ್ನು ಹೇಳಿ ನನ್ನ ಕಡೆ ತಿರುಗಿದರು.

“ಹಬ್ಬದ ದಿನಾನೂ ಎರಡನೇ ಸಲ ಬಡಿಸ್ಕೊಳ್ಳೋ ಮನುಷ್ಯ ಅಲ್ಲ ನಾಯನಾ, ಆಯಪ್ಪ. ನಿನ್ನ ಡಬ್ಬಿಗೆ ಕೈ ಹಾಕಿದ್ದು ನೀನು ಕಣ್ಣಾರೆ ಕಂಡ್ಯಾ? ಕಂಡಿದ್ರೆ ಹೇಳು. ನಾನೇ ಬಂದು ಸಾಹೇಬ್ರ ಮುಂದೆ ಹೌದು ಅಂತೀನಿ.”

ನಾನು ಲೋಟ ತಂದು ಕೊಟ್ಟೆ. ನೀರು ಕುಡಿದು ಹೋದರು.

ಆಗಿನಿಂದ ಒಂದು ಅನುಮಾನ ತಲೆಯಲ್ಲಿ ಕೂತಿದೆ. ಗಾರ್ಡಿನ ಮೇಲಿನದಲ್ಲ. ಕದ್ದು ತಿಂದವನು ಡಬ್ಬಿಯನ್ನು ಅಷ್ಟು ಶುಭ್ರ ಮಾಡಲು ಓಡುವ ರೈಲಿನಲ್ಲಿ ನೀರೆಲ್ಲಿ? ಖಾರದ ನಿಪ್ಪಟ್ಟಿಟ್ಟ ಡಬ್ಬಿಯನ್ನು ನಾನು ಅವತ್ತು ಮೂಸಿಯೂ ನೋಡಿದೆ. ಮೆಣಸಿನಕಾಯಿಯ ಘಾಟು ಚೂರೂ ಇರಲಿಲ್ಲ. ಜಯದ ಸಂಭ್ರಮದಲ್ಲಿ ಅದನ್ನು ನಿನಗೆ ಬರೆಯಲಿಲ್ಲ.

ಅಮ್ಮ, ಬುಧವಾರ ನಾನು ಪ್ರಮಾಣ ಮಾಡಿ ಹೇಳಬೇಕು. ಬಲೆ ಹಾಕಿದ ಆ ಗುರುವಾರ ಡಬ್ಬಿಯಲ್ಲಿ ನಿಪ್ಪಟ್ಟು ಇಟ್ಟೆಯಾ? ಒಂದೇ ಸಾಲು ಬರೆ.

ಪ್ರಹ್ಲಾದ

* * *

ಶ್ರೀನಿವಾಸಪುರ
13-3-1944

ಚಿ. ಪ್ರಹ್ಲಾದನಿಗೆ ಆಶೀರ್ವಾದ.

ಇಡಲಿಲ್ಲ ಕಣೋ. ಸಂಕ್ರಾಂತಿಯಿಂದ ಯಾವ ದಿನವೂ ಇಡಲಿಲ್ಲ.

ಈ ಸಲ ಲೆವಿಗೆ ಭತ್ತ ಅಳೆಯಬೇಕಾದಾಗ ಊರಿನವರು ನಿಮ್ಮಪ್ಪನ ಮುಖ ನೋಡಿದರಂತೆ. ಶಾನುಭೋಗರು ಪರರದ್ದು ಬರೆಯುತ್ತಾರೆ, ಸ್ವಂತದ್ದು ಬಚ್ಚಿಡುತ್ತಾರೆ ಎಂದು ಯಾರೋ ಅಂದರಂತೆ. ಇವರು ಸಿಟ್ಟಿಗೆ ಮೊದಲು ನಮ್ಮ ಕಣಜವನ್ನೇ ತೆಗೆಸಿದರು. ಲೆಕ್ಕಕ್ಕಿಂತ ಹೆಚ್ಚೇ ಅಳೆದು ಕೊಟ್ಟರು. ನಿನ್ನ ಅನ್ನಕ್ಕೆ ನಾನು ಹೇಗೋ ಎತ್ತಿಡುತ್ತೇನೆ. ರಾತ್ರಿ ನಾವಿಬ್ಬರೂ ಗಂಜಿ ಕುಡಿಯುತ್ತೇವೆ, ಅದೂ ಹಿತವಾಗಿಯೇ ಇರುತ್ತದೆ. ಅಕ್ಕಿಹಿಟ್ಟು ಮಾಡಿ, ಎಣ್ಣೆಯಿಟ್ಟು ಕರಿಯುವಷ್ಟು ಮಾತ್ರ ಇಲ್ಲ.

ಮೂರೇ ಡಬ್ಬಿ ಕಳಿಸಬಹುದಿತ್ತು. ಆದರೆ ಪ್ಲಾಟ್‌ಫಾರಂ ಮೇಲೆ ಎಲ್ಲರ ಕ್ಯಾರಿಯರ್ ಸಾಲಾಗಿ ಕೂರುತ್ತವೆ. ಶ್ಯಾಮಲಮ್ಮ ಬಂದವಳೇ ಮೊದಲು ಅದನ್ನೇ ನೋಡುತ್ತಾಳೆ. ಶಾನುಭೋಗರ ಮನೆಯದು ಒಂದು ಡಬ್ಬಿ ಇಳಿಯಿತು ಎಂದರೆ ಮಧ್ಯಾಹ್ನದೊಳಗೆ ಊರಿಗೇ ಗೊತ್ತು. ನಿಮ್ಮಪ್ಪನ ಕಿವಿಗೂ ಬೀಳುತ್ತದೆ. ಮಗನ ಬಾಯಿಗೆ ತಾವೇ ಮಣ್ಣು ಹಾಕಿದೆವು ಎಂದು ಅವರು ಕೊರಗುತ್ತಾರೆ. ಅದಕ್ಕೆ ಖಾಲಿ ಡಬ್ಬಿ ತೊಳೆದು ಒರೆಸಿ ಮೇಲೆ ಸಿಕ್ಕಿಸುತ್ತಿದ್ದೆ.

ನೀನು ಕೇಳಿದಾಗ ಖಾಲಿ ಎಂದು ಬರೆಯಲು ಕೈ ಬರಲಿಲ್ಲ. ಇಟ್ಟೆ ಎಂದರೆ ನೀನು ಸುಮ್ಮನಾಗುತ್ತೀ ಎಂದುಕೊಂಡೆ. ನೀನು ಯಾವಾಗ ಸುಮ್ಮನಾಗಿದ್ದೀಯ.

ಆ ಗಾರ್ಡಿನ ಅನ್ನ ತೆಗೆದ ಪಾಪ ನನಗೆ ಬೇಡ. ಸಾಹೇಬರ ಮುಂದೆ ಇದೇ ಕಾಗದ ತೋರಿಸು. ಊರು ಏನಾದರೂ ಅಂದುಕೊಳ್ಳಲಿ. ಕುರುಡುಮಲೆ ಗಣಪತಿಗೆ ಹೇಳಿಕೊಂಡಿದ್ದೇನೆ.

ನಿನ್ನ ತಾಯಿ
ತಿರುಮಲಮ್ಮ

* * *

ಕೋಲಾರ
17-3-1944

ಅಮ್ಮನಿಗೆ ಪ್ರಹ್ಲಾದನ ಸಾಷ್ಟಾಂಗ ನಮಸ್ಕಾರ.

ನಿನ್ನ ಕಾಗದವನ್ನು ಯಾರಿಗೂ ತೋರಿಸಲಿಲ್ಲ.

ವಿಚಾರಣೆ ವೇಟಿಂಗ್ ರೂಮಿನಲ್ಲಿ ನಡೆಯಿತು. ಸಾಹೇಬರು ಬೆತ್ತ ಹರಿದ ಆ ಕುರ್ಚಿಯಲ್ಲಿ ಒಳಕ್ಕೆ ಇಳಿದುಹೋಗಿದ್ದರು. ಕೋದಂಡರಾಮಪ್ಪನವರು ಗೋಡೆಯ ಬಳಿ ಬರಿತಲೆಯಲ್ಲಿ ನಿಂತಿದ್ದರು. ಅವರನ್ನು ಟೋಪಿಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿಸಿದರು. ರೈಲೋ ಅಧರ್ಮವೋ ಎಂಬಲ್ಲಿ ಗುಮಾಸ್ತೆ ನಕ್ಕ. ನನಗೆ ನಗು ಬರಲಿಲ್ಲ.

ನಾನು ಹೇಳಿದೆ: ಡಬ್ಬಿ ದಿನವೂ ತುಂಬಿಯೇ ಬರುತ್ತಿತ್ತು, ಖಾಲಿ ಮಾಡುತ್ತಿದ್ದವನು ನಾನೇ, ತಮಾಷೆಗೆಂದು ಅರ್ಜಿ ಬರೆದೆ.

ಯಾರೂ ಅನುಮಾನಿಸಲಿಲ್ಲ. ಇಷ್ಟು ವರ್ಷ ನಿಜ ಹೇಳಿದಾಗಲೆಲ್ಲ ನನ್ನನ್ನು ಸಂಶಯದಿಂದ ನೋಡಿದ ಜನ, ಸುಳ್ಳು ಹೇಳಿದ ದಿನ ಒಂದು ಪ್ರಶ್ನೆಯಿಲ್ಲದೆ ನಂಬಿದರು. ಮಾಸ್ತರರು ಎದ್ದು ನಿಂತು, ತೂಗುವ ಯಂತ್ರದ ಕಥೆಯನ್ನು ವಿಭೂತಿ ಸಮೇತ ಹೇಳಿ ನನ್ನ ಮಾತಿಗೆ ಸಾಕ್ಷಿ ನುಡಿದರು. ಸಾಹೇಬರು ಗಾರ್ಡಿಗೆ ಟೋಪಿ ಹಾಕಿಕೊಳ್ಳಿ ಎಂದರು. ಬುಕ್ ಮಾಡದೆ ಡಬ್ಬಿ ತಂದದ್ದಕ್ಕೆ ಅವರಿಗೆ ಒಂದು ಎಚ್ಚರಿಕೆ, ಅಷ್ಟೆ. ಸೋಮವಾರದಿಂದ ಅವರೇ ರೈಲಿಗೆ ಬರುತ್ತಾರೆ, ಹುಕುಂ ರದ್ದಾಗಿ ಕ್ಯಾರಿಯರ್‌ಗಳೂ ಬರುತ್ತವೆ. ನನಗೆ ಹೆಡ್‌ಮಾಸ್ತರರ ಕೋಣೆಯಲ್ಲಿ ಸಲ್ಲಬೇಕಾದದ್ದು ಸಂದಿದೆ. ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಪರೀಕ್ಷೆಗೆ ಕೂರಿಸುತ್ತಾರೆ, ಹೆದರಬೇಡ.

ಹೊರಗೆ ಪ್ಲಾಟ್‌ಫಾರಂ ಮೇಲೆ ಕೋದಂಡರಾಮಪ್ಪನವರ ಕಾಲಿಗೆ ಬಿದ್ದೆ. ಅವರು ಏಳು ಅನ್ನಲಿಲ್ಲ, ನಾನೇ ಎದ್ದೆ.

“ಎಲ್ಲರ ಕ್ಯಾರಿಯರ್ ತರ್ತೀನಿ ಕಣಯ್ಯಾ. ನಿನ್ನದೊಂದು ಮುಟ್ಟಲ್ಲ. ನಿಮ್ಮಮ್ಮನಿಗೆ ಬರೆದುಬಿಡು, ಸ್ಟೇಷನ್ ತಂಕ ಸುಮ್ಮನೆ ಬರೋದು ಬೇಡ ಅಂತ.”

ಮೊದಲು ಮುಖಕ್ಕೆ ಹೊಡೆದ ಹಾಗಾಯಿತು. ವಠಾರಕ್ಕೆ ಬರುವ ದಾರಿಯಲ್ಲಿ ಯೋಚಿಸಿದರೆ, ಇದಕ್ಕಿಂತ ದೊಡ್ಡ ಉಪಕಾರವನ್ನು ಅವರು ಮಾಡುವಂತಿರಲಿಲ್ಲ. ಇನ್ನು ನೀನು ಒಂದು ಡಬ್ಬಿಯನ್ನೂ ಕಳಿಸಬೇಕಾಗಿಲ್ಲ. ನನಗೆಂದು ಎತ್ತಿಡುವ ಅಕ್ಕಿಯನ್ನು ರಾತ್ರಿ ನೀವಿಬ್ಬರೂ ಅನ್ನ ಮಾಡಿಕೊಂಡು ಉಣ್ಣಿ. ಕ್ಯಾರಿಯರ್ ಎಲ್ಲಿ ಎಂದು ಶ್ಯಾಮಲಮ್ಮ ಕೇಳಿದರೆ, ನನ್ನ ಮಗ ಪೋಕರಿ, ಗಾರ್ಡ್ ಮುಟ್ಟುವುದಿಲ್ಲ ಅಂದಿದ್ದಾರೆ ಎಂದು ಜೋರಾಗಿ ಹೇಳು. ಅಕ್ಕಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅಪ್ಪ ನನ್ನನ್ನು ಬೈಯಲಿ. ಅವರಿಗೆ ನಿಜ ಹೇಳಬೇಡ.

ನಾನು ಉಪವಾಸ ಬೀಳುತ್ತೇನೆಂದು ಅಳಬೇಡ. ಇದೊಂದನ್ನು ಹೇಳಿಬಿಡುತ್ತೇನೆ, ಮಡಿಯಲ್ಲಿದ್ದರೆ ಮಡಿ ಬಿಟ್ಟ ಮೇಲೆ ಓದು. ನೀನು ತಟ್ಟಿ ಕರಿದು ಕಳಿಸುತ್ತಿದ್ದ ಚಕ್ಕುಲಿ ನಿಪ್ಪಟ್ಟುಗಳನ್ನು ಕೋಲಾರಕ್ಕೆ ಬಂದಾಗಿನಿಂದ ನಾನು ಒಂದೂ ತಿಂದಿಲ್ಲ. ಅವೆಲ್ಲ ಕದಿರೇಶನ ಹೊಟ್ಟೆಗೆ ಹೋಗಿವೆ. ಬದಲಿಗೆ, ಅವರಮ್ಮ ದೊಡ್ಡಮುನಿಯಮ್ಮ ನರಸಾಪುರದಿಂದ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಕಳಿಸುವ ರಾಗಿಮುದ್ದೆ, ಸೊಪ್ಪಿನ ಸಾರಿನಲ್ಲಿ ಅರ್ಧ ನನ್ನದು. ಮೇಲಿನ ಡಬ್ಬಿ ಖಾಲಿಯಾದ ಮೇಲೂ ಅವನು ಕೊಡುವುದನ್ನು ನಿಲ್ಲಿಸಲಿಲ್ಲ. ನನಗೇ ನಾಚಿಕೆಯಾಗಿ ಕಳ್ಳನನ್ನು ಹುಡುಕಲು ಹೊರಟದ್ದು. ಸಾರಿಗೆ ಬೆಳ್ಳುಳ್ಳಿ ಹಾಕಿರುತ್ತಾರೆ. ಬಹಳ ಚೆನ್ನಾಗಿರುತ್ತದೆ.

ಪ್ರಹ್ಲಾದ